ಐಸಿನೊಳಗಿನ ಕರಡಿ

ಬೀದಿಯ ತಿರುವಿನಲ್ಲಿ ಚೀಲದಿಂದ ಮೊದಲ ಹನಿ ಪಾದದ ಮೇಲೆ ಬಿದ್ದಾಗ, ಆ ಕಿವಿಯನ್ನು ತಾನು ಎಲ್ಲೋ ನೋಡಿದ್ದೇನೆ ಎಂದು ಶಿಶುವಿಹಾರದ ದೊಡ್ಡ ಮಿಸ್‌ಗೆ ಮತ್ತೆ ಅನ್ನಿಸಿತು. ಚೀಲದೊಳಗೆ ಹಳೆಯ ಟವೆಲಿನಲ್ಲಿ ಸುತ್ತಿದ ಸ್ಟೀಲ್ ಪಾತ್ರೆ. ಪಾತ್ರೆಯಲ್ಲಿ ನಿನ್ನೆ ಸಂಜೆಯಿಂದ ಮನೆಯ ಫ್ರೀಜರಿನಲ್ಲಿಟ್ಟು ಗಟ್ಟಿ ಮಾಡಿದ ಐಸು. ಐಸಿನೊಳಗೆ ಬೆರಳುದ್ದದ ರಬ್ಬರ್ ಗೊಂಬೆಗಳು: ತಿಮಿಂಗಿಲ, ಸೀಲ್, ಬಿಳಿ ನರಿ, ಹಿಮಕರಡಿ. ಶಿಶುವಿಹಾರದ ಫ್ರಿಜ್ಜು ಮಕ್ಕಳ ಹಾಲು ಕೆಡದಂತೆ ನೋಡಿಕೊಳ್ಳುವುದಕ್ಕಷ್ಟೇ ಲಾಯಕ್ಕಾದದ್ದು, ಅದರಲ್ಲಿ ನೀರು ಗಟ್ಟಿಯಾಗುವ ಮಾತೇ ಇಲ್ಲ. ಹೀಗಾಗಿ ಹಿಮದ ವಾರ ಬಂತೆಂದರೆ ಉತ್ತರ ಧ್ರುವ ಅವಳ ಅಡುಗೆಮನೆಗೇ ಬರಬೇಕು. ಬೆಳಗ್ಗೆ ಹಾಲು ತೆಗೆಯಲು ಹೋದ ಗಂಡ ಅಲ್ಲಿಂದಲೇ ಕೂಗಿದ್ದ. "ಲೇ, ನಮ್ಮ ಫ್ರಿಜ್ಜಲ್ಲಿ ಕರಡಿ ಸೇರ್ಕೊಂಡಿದೆ ಕಣೇ. ಹಾಲಿಗೆ ಕೈ ಹಾಕ್ಲಾ, ಬೇಡ್ವಾ?" "ಅದು ಸೀಲ್ ತಿನ್ನೋ ಕರಡಿ. ನಿಮ್ಮನ್ನ ಮೂಸಿ ನೋಡಿ ಬಿಟ್ಟುಬಿಡುತ್ತೆ, ಹೆದರ್ಬೇಡಿ," ಎಂದು ನಗುತ್ತಲೇ ಪಾತ್ರೆಯನ್ನು ಹೊರತೆಗೆದು ಕಿಟಕಿಯ ಬೆಳಕಿಗೆ ವಾಲಿಸಿದಾಗ ಕಿವಿ ಕಂಡಿತ್ತು. ಒಂದು ಕಿವಿ ಸರಿಯಾಗಿತ್ತು. ಇನ್ನೊಂದು ಕಚ್ಚಿ ಕಚ್ಚಿ ಸಣ್ಣಗಾಗಿ, ರಬ್ಬರು ಬೂದಿಬಣ್ಣಕ್ಕೆ ತಿರುಗಿತ್ತು. ನಗು ಅಲ್ಲಿಗೇ ನಿಂತಿತು. ನಿನ್ನೆ ಮಕ್ಕಳೆಲ್ಲ ಹೋದ ಮೇಲೆ ಚಪ್ಪಲಿ ಗೂಡಿನ ಹಿಂದೆ ಸಿಕ್ಕ ಕರಡಿ ಅದು. ಯಾವುದೋ ಹಳೆಯ ಸೆಟ್ಟಿನದಿರಬೇಕು, ಸದ್ಯ ಸಿಕ್ಕಿತಲ್ಲ, ಎಂದುಕೊಂಡು ಸೆರಗಿಗೆ ಒರೆಸಿ ಚೀಲಕ್ಕೆ ಹಾಕಿಕೊಂಡಿದ್ದಳು. ನೀರು ಸುರಿಯುವಾಗ ಕೈ ಒಂದು ಗಳಿಗೆ ನಿಂತದ್ದು ನೆನಪಿದೆ. ಏಕೆ ನಿಂತಿತು? ನಿಂತದ್ದು ಮತ್ತೆ ಏಕೆ ಸುರಿಯಿತು?

ಎಲ್ಲಕ್ಕೂ ಕಾರಣ ಪೆಂಗ್ವಿನ್‌ಗಳು. ಈ ಊರಿನಲ್ಲಿ ಚಳಿಗಾಲವೆಂದರೆ ಬೆಳಗಿನ ಹೊತ್ತು ಒಂದು ತೆಳು ಸ್ವೆಟರು, ಬಿಸಿಲೇರಿದ ಮೇಲೆ ಅದೂ ಸೊಂಟಕ್ಕೆ. ಹಿಮ ಯಾರೂ ಕಂಡವರಲ್ಲ, ಅವಳೂ ಕಂಡವಳಲ್ಲ. ಆದರೂ ವರ್ಷಕ್ಕೊಂದು ವಾರ ಎರಡು, ಮೂರು ವರ್ಷದ ಮಕ್ಕಳ ಮುಂದೆ ಹತ್ತಿ ಹರಡಿ, ಅದರಲ್ಲಿ ಬಿಳಿ ಪ್ರಾಣಿಗಳನ್ನು ಬಚ್ಚಿಟ್ಟು ಹುಡುಕಿಸುವುದು, ಚೆಂಡನ್ನು ಪಾದದ ಮೇಲಿಟ್ಟುಕೊಂಡು ಮೊಟ್ಟೆ ಕಾಯುವ ಪೆಂಗ್ವಿನ್ ಹಾಗೆ ನಡೆಸುವುದು, ಎರಡು ಪ್ಲಾಸ್ಟಿಕ್ ಚೀಲಗಳ ನಡುವೆ ವನಸ್ಪತಿ ತುಪ್ಪ ತುಂಬಿ ಕೈಗವಸು ಮಾಡಿ, ಅದನ್ನು ತೊಟ್ಟು ತಣ್ಣೀರಿಗೆ ಕೈ ಅದ್ದಿಸಿ ಸೀಲಿಗೆ ಯಾಕೆ ಚಳಿಯಾಗುವುದಿಲ್ಲ ಎಂದು ತೋರಿಸುವುದು, ಇವೆಲ್ಲ ಅವಳಿಗೆ ಅಭ್ಯಾಸವಾಗಿದ್ದವು. ಹೇಳಬೇಕೆಂದರೆ ಇಡೀ ವರ್ಷದಲ್ಲಿ ಅವಳಿಗೆ ಇಷ್ಟವಾದ ವಾರ ಇದೇ. ಆದರೆ ಹೋದ ವರ್ಷ ಗೋಡೆಯ ಮೇಲೆ ಅವಳು ಅಂಟಿಸಿದ್ದ ಚಿತ್ರದಲ್ಲಿ ಪೆಂಗ್ವಿನ್ ಮತ್ತು ಹಿಮಕರಡಿ ಕೈಕೈ ಹಿಡಿದುಕೊಂಡಿದ್ದವು. ಒಬ್ಬ ತಾಯಿ ಅದರ ಮುಂದೆ ನಿಂತು, ಎಲ್ಲರಿಗೂ ಕೇಳುವ ಹಾಗೆ, "ಅಯ್ಯೋ ಮಿಸ್, ಇವೆರಡೂ ಜನ್ಮದಲ್ಲಿ ಮುಖ ನೋಡಲ್ಲ. ಒಂದು ಭೂಮಿಯ ಮೇಲ್ತುದಿ, ಒಂದು ಕೆಳತುದಿ," ಎಂದು ನಕ್ಕಿದ್ದಳು. ಕೆಟ್ಟ ನಗುವೇನಲ್ಲ. ಆದರೆ ಮೇಡಂ ಕೂಡ ನಕ್ಕಿದ್ದರು. ವಯಸ್ಸಿನಲ್ಲಿ ಅವಳಿಗಿಂತ ಎಷ್ಟೋ ಚಿಕ್ಕವರಾದ, ಶಿಶುವಿಹಾರವನ್ನು ನಡೆಸುವ ಮೇಡಂ ನಗುತ್ತಲೇ ಚಿತ್ರ ಕಿತ್ತು ಸುರುಳಿ ಸುತ್ತಿದ್ದರು. ಆ ಸುರುಳಿ ಸುತ್ತುವ ಸದ್ದು ಒಂದು ವರ್ಷ ಅವಳ ಕಿವಿಯಲ್ಲಿತ್ತು. ಈ ಸಲ ಐಸಿನಲ್ಲಿ ಪೆಂಗ್ವಿನ್ ಒಂದೂ ಇರಕೂಡದು ಎಂದು ಆರಿಸಿ ತೆಗೆದಳು. ತೆಗೆದ ಮೇಲೆ ಪಾತ್ರೆ ಬೋಳುಬೋಳಾಗಿ ಕಂಡಿತು. ಕರಡಿಯಿಲ್ಲದ ಉತ್ತರ ಧ್ರುವಕ್ಕೆ ಯಾರು ಬರುತ್ತಾರೆ?

ಚೀಲ ಸೊಂಟಕ್ಕೆ ತಾಗಿ ಸೀರೆ ಒದ್ದೆಯಾಗುತ್ತಿತ್ತು. ಆ ತಣ್ಣನೆಯ ಒದ್ದೆ ತೊಡೆಯ ಪಕ್ಕ ಇಳಿಯುವಾಗ ಅವಳು ಇದ್ದಕ್ಕಿದ್ದಂತೆ ಲಂಗದ ಹುಡುಗಿಯಾದಳು. ಸೋದರತ್ತೆಗೆ ಜ್ವರ. ಬಾಯಿಗೆ ಏನಾದರೂ ತಣ್ಣಗೆ ಬೇಕು ಎಂದು ಅತ್ತೆ ನರಳಿದ್ದು ಕೇಳಿ, ಸೋಡಾ ಅಂಗಡಿಯವನನ್ನು ಕಾಡಿ ಬೇಡಿ ಒಂದು ತುಂಡು ಐಸು ಪಡೆದು ಲಂಗದ ಜೇಬಿಗೆ ಹಾಕಿಕೊಂಡಿದ್ದಳು. ಮನೆಗೆ ಓಡುವಷ್ಟರಲ್ಲಿ ಶಾಲೆಯ ಗಂಟೆ ಹೊಡೆಯಿತು. ಮೇಷ್ಟ್ರು ಲೆಕ್ಕ ಹೇಳುತ್ತಲೇ ಇದ್ದರು, ಜೇಬು ಸೋರುತ್ತಲೇ ಇತ್ತು. ಬೆಂಚಿನ ಕೆಳಗೆ ನೀರು ಕಂಡವರು ಮೊದಲು ಒಬ್ಬರು ನಕ್ಕರು, ಆಮೇಲೆ ಎಲ್ಲರೂ. ಹೊರಗೆ ನಿಲ್ಲಿಸಿದರು. ಜೇಬಿಗೆ ಕೈ ಹಾಕಿ ನೋಡಿದರೆ ಐಸಿಲ್ಲ. ಇದ್ದಿದ್ದರೆ ತೋರಿಸಬಹುದಿತ್ತು. ಐಸಿಗೆ ಸಾಕ್ಷಿ ಇರುವುದಿಲ್ಲ. ಅವಳು ಬಾಯಿ ಬಿಡಲಿಲ್ಲ. ಅತ್ತೆಗೂ ಹೇಳಲಿಲ್ಲ. ಅತ್ತೆ ಮಾತ್ರ ಒದ್ದೆ ಲಂಗ ಕಳಚಿ, ಏನೂ ಕೇಳದೆ, ಜ್ವರದ ಬಿಸಿ ಕೈಯಿಂದ ಅವಳ ಕಾಲು ಒರೆಸಿದ್ದಳು. ಎಷ್ಟು ಬಿಸಿ ಇತ್ತು ಆ ಕೈ ಎಂದುಕೊಳ್ಳುತ್ತಿರುವಾಗಲೇ ಶಿಶುವಿಹಾರದ ನೀಲಿ ಗೇಟು ಎದುರಿಗೆ ಬಂದಿತ್ತು. ಗೇಟಿನಲ್ಲಿ ಬಟಾಣಿ ಅಪ್ಪನ ಹೆಗಲ ಮೇಲೆ ಮುಖ ಹುದುಗಿಸಿಕೊಂಡಿದ್ದ.

ಬಟಾಣಿ ಎಂದು ಅವನಿಗೆ ಹೆಸರಿಟ್ಟವಳು ಆಯಮ್ಮ. ದುಂಡಗೆ, ಸಣ್ಣಗೆ, ಹಿಡಿದರೆ ಜಾರಿ ಉರುಳಿಹೋಗುವವನು. ಸೇರಿ ಎಷ್ಟೋ ವಾರ ಗೇಟಿನಲ್ಲೇ ಅತ್ತು, ಅಪ್ಪ ಹೋದ ದಿಕ್ಕಿಗೆ ಮುಖ ಮಾಡಿ ಕೂತು, ಈಚೆಗಷ್ಟೇ ಒಂದು ದಿನ ತಾನಾಗಿ ಬಂದು ದೊಡ್ಡ ಮಿಸ್ ಮಡಿಲಲ್ಲಿ ಕುಕ್ಕರಿಸಿದ್ದ. ಕುರ್ಚಿಯ ಮೇಲೆ ಕೂತ ಹಾಗೆ ಕೂತಿದ್ದ, ಅಷ್ಟೇ. ಅವಳ ಕಾಲು ಜೋಮು ಹಿಡಿದರೂ ಅಲ್ಲಾಡಿರಲಿಲ್ಲ. ಮುಷ್ಟಿಯಲ್ಲಿ ಆಗಲೂ ಏನೋ ಇತ್ತು, ಅದನ್ನು ಆಗಾಗ ಬಾಯಿಗೆ ಒಯ್ಯುತ್ತಿದ್ದ. ಏನೆಂದು ಅವಳು ನೋಡಿರಲಿಲ್ಲ. ಬೆರಳ ಸಂದಿಯಿಂದ ಇಣುಕಿದ ಒಂದು ಬೂದಿ ಚೂರಷ್ಟೇ ಕಂಡಿತ್ತು.

"ಮಿಸ್, ಇವನ ಕರಡಿ ಏನಾದ್ರೂ ಇಲ್ಲಿ ಬಿದ್ದಿತ್ತಾ?" ಅಪ್ಪ ಬಸ್ ಓಡಿಸುವವನು, ಖಾಕಿ ಅಂಗಿಯ ಗುಂಡಿ ತಪ್ಪಾಗಿ ಹಾಕಿಕೊಂಡಿದ್ದ. "ನಿನ್ನೆ ನಿದ್ದೆಯಲ್ಲೇ ಎತ್ಕೊಂಡು ಹೋದೆ ನೋಡಿ. ರಾತ್ರಿಯೆಲ್ಲಾ ರಂಪ. ಕಣ್ಣು ಬಿಟ್ಕೊಂಡು ಬಸ್ ಓಡಿಸ್ಬೇಕು ಮಿಸ್ ನಾನು."

"ಸಿಗುತ್ತೆ," ಎಂದಳು ದೊಡ್ಡ ಮಿಸ್. ಚೀಲ ತೊಟಕ್ಕೆಂದಿತು.

"ಇವನ ಅಮ್ಮನೂ ಅಂತಾಳೆ, ಇನ್ನೂ ಚಿಕ್ಕವನು, ಬಿಡಿಸಿಬಿಡೋಣ, ಮುಂದಿನ ವರ್ಷ ನೋಡೋಣ ಅಂತ. ಇವತ್ತೂ ಅತ್ತರೆ ನಾಳೆಯಿಂದ ಕಳಿಸಲ್ಲ ಅಂತ ಹಟ ಹಿಡಿದಿದ್ದಾಳೆ. ಈಗೀಗ ಸ್ವಲ್ಪ ಒಗ್ಗಿಕೊಂಡಿದ್ದ, ನಿಮ್ಮ ಹತ್ರಾನೇ." ಅವನು ಮಗುವನ್ನು ಅವಳ ಕಡೆ ನೀಡಿದ. ಪಕ್ಕದಲ್ಲಿ ಮೇಡಂ ಬೇರೆ ತಾಯಂದಿರ ಜೊತೆ ನಗುನಗುತ್ತ ನಿಂತಿದ್ದರು. ಈಗಲೇ ಹೇಳಿಬಿಡಬಹುದಿತ್ತು: ನಿಮ್ಮ ಮಗನ ಕರಡಿ ಈ ಚೀಲದಲ್ಲಿದೆ, ಐಸಿನೊಳಗೆ. ಎಂಥ ಮಾತು ಅದು! ನಾಲಿಗೆಯ ಮೇಲೆ ಬಂದದ್ದು ಹಾಗೇ ಒಳಗೆ ಹೋಯಿತು. ಬಟಾಣಿ ಅತ್ತು ಅತ್ತು ಊದಿದ ಮುಖದಿಂದ ಅವಳನ್ನು ನೋಡಿ, ಎರಡೂ ಕೈ ಚಾಚಿ ಬಂದುಬಿಟ್ಟ. ಒಂದು ಕೈಯಲ್ಲಿ ಚೀಲ, ಇನ್ನೊಂದು ತೋಳಿನಲ್ಲಿ ಅವನು. ಅವನ ಕಾಲು ಚೀಲಕ್ಕೆ ತಾಗುತ್ತಿತ್ತು. "ತಣ್ಣಗೆ," ಎಂದ ಬಟಾಣಿ. "ಹೌದು ಮರಿ," ಎಂದಳು. ತಾನು ಇಷ್ಟು ಹಗುರವಾಗಿ ಮೋಸ ಮಾಡಬಲ್ಲೆ ಎಂದು ಅವಳಿಗೆ ತಿಳಿದಿರಲಿಲ್ಲ.

ಅವನನ್ನು ಹತ್ತಿಯ ರಾಶಿಯ ಹತ್ತಿರ ಕೂರಿಸಿ ಅಡುಗೆ ಕೋಣೆಗೆ ಓಡಿದಳು. ಬಿಸಿನೀರು ಸುರಿದು ಕರಡಿಯನ್ನು ಬಿಡಿಸಿ, ಒರೆಸಿ, ಅವನ ಅಂಗಿಯ ಜೇಬಿಗೆ ತುರುಕಿದರೆ ಮುಗಿಯಿತು. "ಆಯಮ್ಮಾ, ಬೇಗ ನೀರು ಕಾಯಿಸು." "ಹಾಲು ಒಲೆ ಮೇಲಿದೆ, ಅದನ್ನ ಇಳಿಸಿ ನಿಮ್ಮ ನೀರಿಡ್ಲಾ? ಉಕ್ಕಿದರೆ ಆಮೇಲೆ ನನ್ನ ತಲೆ ಮೇಲೆ ಕೂರ್ತೀರ," ಎಂದು ಆಯಮ್ಮ ಗೊಣಗುತ್ತ ಒಲೆಯ ಕಡೆ ತಿರುಗುವಷ್ಟರಲ್ಲಿ ಮೇಡಂ ಬಾಗಿಲಲ್ಲಿದ್ದರು. "ಓ, ರೆಡಿನಾ? ಎಷ್ಟು ಚೆನ್ನಾಗಿ ಗಟ್ಟಿಯಾಗಿದೆ! ಕೊಡಿ, ಕೊಡಿ, ಮಕ್ಕಳೆಲ್ಲಾ ಕಾಯ್ತಿದ್ದಾರೆ." ಪಾತ್ರೆ ಅವಳ ಕೈಯಿಂದ ಹೋಯಿತು. ಮೇಡಂ ಒಬ್ಬರೇ ಏನು, ಯಾರು ಕೇಳಿದ್ದರೂ ಅವಳು ಕೊಡುತ್ತಿದ್ದಳೇನೋ. ಬೇಡ, ಒಂದು ನಿಮಿಷ ತಾಳಿ ಎನ್ನುವ ಸಣ್ಣ ಮಾತು ಅವಳಿಗೆ ಯಾವ ಕಾಲಕ್ಕೂ ಹೊತ್ತಿಗೆ ಸರಿಯಾಗಿ ಬಂದದ್ದಿಲ್ಲ.

ಅಂಗಳದ ನೆರಳಿನಲ್ಲಿ ಅಗಲವಾದ ನೀಲಿ ಟಬ್ಬು. ಅದರ ನಡುವೆ ಮಗುಚಿದ ಐಸಿನ ಗುಡ್ಡ ಹೊಗೆಯಾಡುತ್ತ ಕೂತಿತು. ಸುತ್ತ ಪುಟ್ಟ ಮೊಣಕಾಲುಗಳು, ಪ್ರತಿಯೊಬ್ಬರ ಕೈಯಲ್ಲೂ ಒಂದೊಂದು ಮರದ ಚಮಚ. "ಯಾರೂ ತಳ್ಳಬಾರದು! ಎಲ್ಲರೂ ಸಾಲಾಗಿ ಕೂತ್ಕೊಳ್ಳಿ! ಹೇಳಿದ್ದು ಕೇಳಲ್ವಾ?" ಎಂದು ಸೊಂಟಕ್ಕೆ ಕೈಕೊಟ್ಟು ಗದರಿದವಳು ಎರಡೂವರೆ ವರ್ಷದ ಅಜ್ಜಮ್ಮ. ಮನೆಯಲ್ಲಿ ಅಜ್ಜಿಯ ಜೊತೆಗೇ ಬೆಳೆದ ಅವಳಿಗೆ ಮಾತೆಲ್ಲ ಅಜ್ಜಿಯದೇ. ಡಾಕ್ಟರು ಎಂದು ಎಲ್ಲರೂ ಕರೆಯುವ ಹುಡುಗ ಐಸಿನ ಮೇಲೆ ಕಿವಿಯಿಟ್ಟು, "ಜ್ವರ ಇಲ್ಲ," ಎಂದ. ಸಾವಧಾನವಾಗಿ ಬಂದು ಕೊನೆಯಲ್ಲಿ ನಿಂತ ಬಟಾಣಿ ತಿಮಿಂಗಿಲವನ್ನು ನೋಡಿದ, ನರಿಯನ್ನು ನೋಡಿದ, ಆಮೇಲೆ ಅಲ್ಲಾಡಲಿಲ್ಲ. ಅವನು ಈಗ ಕಿರುಚುತ್ತಾನೆ ಎಂದುಕೊಂಡಳು ದೊಡ್ಡ ಮಿಸ್. ಕಿರುಚಲಿಲ್ಲ. ಟಬ್ಬಿನ ಅಂಚು ಹಿಡಿದು ಬಗ್ಗಿ, ಅಂಗೈಯನ್ನು ಐಸಿನ ಮೇಲಿಟ್ಟ, ತಣ್ಣಗಾಯಿತೆಂದು ತೆಗೆದ, ಮತ್ತೆ ಇಟ್ಟ. "ನನ್ ಕರಡಿ," ಎಂದ, ದೂರು ಹೇಳುವಂತೆಯೂ ಅಲ್ಲ, ಕಂಡದ್ದನ್ನು ಹೇಳಿದ ಹಾಗೆ. ಆಗ ಡಾಕ್ಟರು ಚಮಚ ಎತ್ತಿ ಟಕ್ ಎಂದು ಬಾರಿಸಿದ. ಬಟಾಣಿಯ ಇಡೀ ಮೈ ಬೆಚ್ಚಿತು, ಏಟು ಅವನಿಗೇ ಬಿದ್ದಂತೆ. "ಹೊಡೀಬೇಡ. ಅದಕ್ಕೆ ನೋವಾಗುತ್ತೆ." ಅವನು ಮುಖ ಎತ್ತಿ ದೊಡ್ಡವರನ್ನು ಒಬ್ಬೊಬ್ಬರಾಗಿ ನೋಡಿದ. "ಯಾಕೆ ಒಳಗೆ ಹೋಯ್ತು?"

ಮೇಡಂಗೆ ಇಂಥ ಹೊತ್ತಿನಲ್ಲಿ ಮಾತಿಗೆ ಬರವಿಲ್ಲ. ಅವನ ಪಕ್ಕ ಕುಳಿತು, ಕಣ್ಣರಳಿಸಿ, "ಅಯ್ಯೋ, ನಿನ್ನ ಕರಡಿಯಾ ಇದು? ಅದಕ್ಕೆ ಸೆಕೆ ಆಯ್ತಂತೆ ಪುಟ್ಟಾ. ಅದಕ್ಕೇ ರಾತ್ರಿ ಯಾರಿಗೂ ಹೇಳದೆ ಐಸ್ ಮನೆಗೆ ಹೋಗಿ ಮಲಗಿಬಿಟ್ಟಿದೆ. ಈಗ ನಾವೆಲ್ಲಾ ಸೇರಿ ಎಬ್ಬಿಸೋಣ, ಆಯ್ತಾ?" ಎಂದರು. ಎಷ್ಟು ಚೆಂದದ ಕಥೆ. ಮಕ್ಕಳ ಮುಖವೆಲ್ಲ ಅರಳಿತು. ಬಟಾಣಿಯ ಹುಬ್ಬು ಮಾತ್ರ ಗಂಟಾಗಿತ್ತು. ಕರಡಿ ತನ್ನನ್ನು ಬಿಟ್ಟು ತಾನಾಗಿ ಹೋಯಿತೇ? ಆ ಪುಟ್ಟ ತಲೆಯೊಳಗೆ ಅದು ಹೇಗೆ ತಿರುಗಿತು ಎನ್ನುವುದನ್ನು ದೊಡ್ಡ ಮಿಸ್ ಕಣ್ಣೆದುರೇ ಕಂಡಳು. ತನ್ನ ಮೇಲೆ ಬೇಸರವಾಗಿ, ರಾತ್ರಿ, ಹೇಳದೆ. ಅವನ ಕೆಳತುಟಿ ಮುಂದೆ ಬಂತು. ನಂಬಬೇಕೋ ಬೇಡವೋ ಎಂದು ಅವನು ತಿರುಗಿ ನೋಡಿದ್ದು ಅವಳನ್ನು. ಒಂದು ಸಲ ತಲೆಯಾಡಿಸಿದ್ದರೆ ಸಾಕಿತ್ತು. ತಲೆಯಾಡಿಸಿದ್ದರೆ ಅವನು ಅತ್ತರೂ ಅವಳ ಮಡಿಲಲ್ಲೇ ಅಳುತ್ತಿದ್ದ, ಮಡಿಲು ಉಳಿಯುತ್ತಿತ್ತು.

"ಇಲ್ಲ ಮರಿ," ಎಂದಳು. "ಕರಡಿ ಹೋಗ್ಲಿಲ್ಲ. ನಾನು ಹಾಕಿದ್ದು. ಚಪ್ಪಲಿ ಹತ್ರ ಬಿದ್ದಿತ್ತು, ಯಾರದು ಅಂತ ಕೇಳ್ಲಿಲ್ಲ. ಹಾಕಿಬಿಟ್ಟೆ."

"ನೀನು?"

"ಹೂಂ. ನಾನೇ."

"ಮಕ್ಕಳಿಗೆ ಇಷ್ಟೆಲ್ಲಾ ಬಿಡಿಸಿ ಹೇಳ್ಬೇಕಾ?" ಎಂದು ಮೇಡಂ ಮೆಲ್ಲಗೆ, ನಗುವ ಬಾಯಿಂದಲೇ ಅಂದರು. ಅಜ್ಜಮ್ಮ ಎರಡೂ ಕೈ ಕೆನ್ನೆಗಿಟ್ಟುಕೊಂಡು, "ಶಿವನೇ, ಮಿಸ್ಸೇ ಹೀಗೆ ಮಾಡಿದ್ರೆ ಯಾರಿಗೆ ಹೇಳೋದು!" ಎಂದಳು. ಅಡುಗೆ ಕೋಣೆಯ ಬಾಗಿಲಲ್ಲಿ ಆಯಮ್ಮ ಸೆರಗನ್ನು ಬಾಯಿಗೊತ್ತಿಕೊಂಡಳು. ಬಟಾಣಿ ನಗಲಿಲ್ಲ, ಅಳಲೂ ಇಲ್ಲ. ದೊಡ್ಡ ಮಿಸ್ ಮಗ್ಗುಲಿನಿಂದ ಸರಿದು, ಟಬ್ಬನ್ನು ಸುತ್ತುಹಾಕಿ, ಆಚೆ ಬದಿಗೆ ಹೋಗಿ ಕೂತ. ನಡುವೆ ಐಸು.

ಅವನು ಆರಿಸಿಕೊಂಡ ದೂರವನ್ನು ದಾಟುವುದು ಬೇಡವೆಂದು ಅವಳು ತನ್ನ ಜಾಗದಲ್ಲೇ ಕೂತಳು. ಚಮಚಗಳನ್ನೆಲ್ಲ ಮೇಡಂ ಕೇಳುವ ಮೊದಲೇ ಎತ್ತಿಟ್ಟಳು. "ಇವತ್ತು ಹೊಡೆಯೋದು ಬೇಡ. ಬೆಚ್ಚಗಿನ ನೀರು ಹಾಕೋಣ," ಎಂದಳು. ಹೊತ್ತಿಗೆ ಸರಿಯಾಗಿ ಬಾರದ ಆ ಮಾತು ಈಗ ಯಾರ ಅಪ್ಪಣೆಯನ್ನೂ ಕಾಯದೆ ಬಂದಿತ್ತು. ಆಯಮ್ಮ ಉಗುರುಬೆಚ್ಚಗಿನ ನೀರಿನ ಚೆಂಬು ತಂದು ಅವಳ ಕೈಗೆ ಕೊಟ್ಟಳು. ಮಕ್ಕಳು ಐಸು ಬೇಗ ಕರಗಲೆಂದು ಉಪ್ಪು ಉದುರಿಸಿದರು, ಅಂಗೈ ಒತ್ತಿದರು, ಬಾಯಿಂದ ಹಾ ಎಂದು ಊದಿದರು. ತಿಮಿಂಗಿಲದ ಬಾಲ ಮೊದಲು ಹೊರಬಂತು. ನರಿ ಬಂತು. ಡಾಕ್ಟರು ಸೀಲಿಗೆ ಚುಚ್ಚುಮದ್ದು ಕೊಟ್ಟ. ಒಬ್ಬೊಬ್ಬರೇ ತಮ್ಮ ಪ್ರಾಣಿ ಹಿಡಿದು ಹತ್ತಿಯ ರಾಶಿಗೆ ಓಡಿದರು, ಅಲ್ಲಿ ಮೇಡಂ ಹಿಮ ಬೀಳಿಸುತ್ತಿದ್ದರು. ಟಬ್ಬಿನ ಬಳಿ ಉಳಿದವರು ಇಬ್ಬರೇ. ಕರಡಿ ನಡುಮಧ್ಯದಲ್ಲಿತ್ತು. ಬಟಾಣಿ ಬರಿಗೈಯಿಂದ ಐಸನ್ನು ತಿಕ್ಕುತ್ತಿದ್ದ, ಕೈ ಕೆಂಪಾದಾಗ ಕಂಕುಳಿಗೆ ಸಿಕ್ಕಿಸಿಕೊಂಡು ಬೆಚ್ಚಗೆ ಮಾಡಿಕೊಳ್ಳುತ್ತಿದ್ದ. ಅವಳ ಬೆರಳುಗಳು ನೆರವಿಗೆ ಹೋಗಲು ತವಕಿಸಿದವು. ಹೋಗಕೂಡದೆಂದು ಚೆಂಬನ್ನು ಗಟ್ಟಿ ಹಿಡಿದುಕೊಂಡಳು. ಬಿಸಿಲು ಕಂಬದ ಬುಡದಿಂದ ಟಬ್ಬಿನ ಅಂಚಿಗೆ ಬಂತು. ಕಣ್ಣೆದುರು ಕರಗುತ್ತಿದ್ದ ಐಸು ಎಷ್ಟು ಸುಂದರವಾಗಿತ್ತೆಂದರೆ, ಒಳಗಿನ ಬಿರುಕುಗಳು, ಸೂಜಿಯಂಥ ಗುಳ್ಳೆಗಳು, ಬೂದಿ ಕಿವಿಯ ಸುತ್ತ ಗಾಜಿನಂಥ ಒಂದು ಪೊರೆ, ಅದನ್ನೇ ನೋಡುತ್ತ ಅವಳಿಗೆ ತಾನು ತಪ್ಪಿತಸ್ಥಳೆಂಬುದೂ ಮರೆತುಹೋಯಿತು. ಮಡಿಲು ಹೋಗಿತ್ತು. ಹೋದರೂ ಎದೆ ಹಗುರವಾಗಿತ್ತು. ಇದೆಂಥ ನಾಚಿಕೆಗೆಟ್ಟ ಸುಖ ಎಂದುಕೊಂಡಳು. ಒಂದು ವರ್ಷ ಭೂಗೋಳ ತಪ್ಪಬಾರದೆಂದು ಹೆದರಿ ಹೆದರಿ, ಎದುರಿನ ಮುಷ್ಟಿಯಲ್ಲಿ ಏನಿದೆಯೆಂದು ಬಗ್ಗಿ ನೋಡಿರಲಿಲ್ಲವಲ್ಲ.

"ನೀರು," ಎಂದ ಬಟಾಣಿ, ಮುಖ ಎತ್ತದೆ.

ಅವಳು ಚೆಂಬು ವಾಲಿಸಿದಳು. "ಅಲ್ಲಲ್ಲ. ಇಲ್ಲಿ." ಅವನ ಬೆರಳು ತೋರಿದಲ್ಲಿ ಸುರಿದಳು. "ಸಾಕು." ನಿಲ್ಲಿಸಿದಳು. "ಇನ್ನೊಂಚೂರು." ಸುರಿದಳು. ಹೀಗೆ ಒಬ್ಬರು ಹೇಳುತ್ತ ಒಬ್ಬರು ಮಾಡುತ್ತ, ಮೇಸ್ತ್ರಿ ಮತ್ತು ಕೂಲಿಯವಳ ಹಾಗೆ ಇಬ್ಬರೂ ಕೆಲಸದಲ್ಲಿ ಮುಳುಗಿದರು. ಕರಡಿ ಕೊನೆಗೆ ಜಾರಿ ನೀರಿಗೆ ಬಿದ್ದಾಗ ಅವನು ಅದನ್ನು ಎತ್ತಿ, ಅಂಗಿಗೆ ಒರೆಸಿ, ಕಿವಿಯನ್ನು ಬಾಯಿಗಿಟ್ಟು ನೋಡಿದ. ತಣ್ಣಗಿರಬೇಕು, ಮುಖ ಹಿಂಡಿದ. ಮತ್ತೆ ಇಟ್ಟುಕೊಂಡ. ಆಮೇಲೆ ಟಬ್ಬನ್ನು ಸುತ್ತಿ ಬಂದು ಅವಳೆದುರು ನಿಂತು, ಮುಖವನ್ನು ತುಂಬ ಹೊತ್ತು ದಿಟ್ಟಿಸಿದ.

"ಅದು ಕೊಡ್ತೀಯಾ?"

"ಯಾವುದು?"

"ಕಣ್ಣು." ಅವನ ಒದ್ದೆ ಬೆರಳು ಅವಳ ಕನ್ನಡಕದ ಗಾಜಿನ ಮೇಲೆ ಒಂದು ಗುರುತು ಬಿಟ್ಟಿತು. "ಐಸಿಗೆ ಹಾಕು."

ಹತ್ತಿಯ ಕಡೆಯಿಂದ ಅಜ್ಜಮ್ಮ ಓಡಿ ಬಂದಳು. "ಕೊಡ್ಬೇಡಿ ಮಿಸ್! ವಯಸ್ಸಾದೋರು, ಎಲ್ಲಾದ್ರೂ ಬಿದ್ದುಬಿಡ್ತೀರ!" ದೊಡ್ಡ ಮಿಸ್‌ಗೆ ನಗು ಬಂತು, ಅದರ ಹಿಂದೆಯೇ ಇನ್ನೇನೋ ಬಂತು. ಅವನು ಕೇಳಿದ್ದ. ಕಸಿದುಕೊಳ್ಳಲಿಲ್ಲ, ಕೇಳಿದ. ಅವಳು ಕೇಳಿರಲಿಲ್ಲ. ಕನ್ನಡಕ ತೆಗೆದು ಅವನ ಅಂಗೈಯಲ್ಲಿಟ್ಟಳು. ಅಂಗಳ, ಟಬ್ಬು, ಅವನ ಮುಖ ಎಲ್ಲ ಒಂದಕ್ಕೊಂದು ಬೆರೆತು ಮೆತ್ತಗಾದವು. ತನ್ನ ಊಟದ ಡಬ್ಬಿ ತೊಳೆದು ತಂದಳು. ಅವನೇ ಕನ್ನಡಕವನ್ನು ಮಲಗಿಸಿದ, ಅವಳು ನೀರು ಸುರಿದಳು, ಅವನು ಮುಚ್ಚಳ ಒತ್ತಿದ. ಅದು ಬಿಗಿಯಾಗಲಿಲ್ಲವೆಂದು ಅವಳು ಒತ್ತಿದಳು.

"ಅಳ್ಬಾರ್ದು," ಎಂದ ಬಟಾಣಿ.

"ಇಲ್ಲ."

"ನಾಳೆ ನಾನು ಬಿಡಿಸ್ತೀನಿ."

"ನಾಳೆ ಬರ್ತೀಯಾ?"

ಇದೆಂಥ ಪ್ರಶ್ನೆ ಎನ್ನುವ ಹಾಗೆ ಅವನು ಹಿಮದ ಕಡೆ ಓಡಿದ. ನಿದ್ದೆಯ ಹೊತ್ತಿಗೆ ಅವನು ಮಲಗಿದ್ದು ಆಯಮ್ಮನ ಪಕ್ಕ, ಅವಳ ಪಕ್ಕವಲ್ಲ. ಅದನ್ನು ಅವಳು ಕಂಡಳು, ಅಂದರೆ ಮಸುಕಾಗಿ ಕಂಡಳು, ಸರಿಯೆಂದುಕೊಂಡಳು.

ಸಂಜೆ ಅಪ್ಪ ಬಂದಾಗ ಅವಳೇ ಗೇಟಿಗೆ ಹೋಗಿ ಎಲ್ಲ ಹೇಳಿದಳು. ಅವನು, "ಐಸಲ್ಲಾ? ರಾತ್ರಿಯೆಲ್ಲಾ ನಾವು ಮಂಚದ ಕೆಳಗೆ ಟಾರ್ಚ್ ಹಾಕ್ಕೊಂಡು ಹುಡುಕಿದ್ವಲ್ರೀ!" ಎಂದು ಸಿಟ್ಟಾದ. ಸಿಟ್ಟಾಗಬೇಕಾದದ್ದೇ. ಅವಳು ತಲೆ ತಗ್ಗಿಸಿ ನಿಂತಳು. ಬಟಾಣಿ ಹೆಗಲೇರಿ ಅಪ್ಪನ ಕಿವಿ ಹಿಡಿದು, "ಮಿಸ್ ಕಣ್ಣು ಐಸಲ್ಲಿದೆ. ನಾಳೆ ಬೇಗ ಬರ್ಬೇಕು," ಎಂದು ಅಪ್ಪಣೆ ಕೊಟ್ಟ. ಅಪ್ಪ ಅವಳ ಬರಿಗಣ್ಣಿನ ಮುಖವನ್ನು ನೋಡಿದ. ನಕ್ಕನೋ ಇಲ್ಲವೋ ಅವಳಿಗೆ ಸರಿಯಾಗಿ ಕಾಣಲಿಲ್ಲ. "ಆಯ್ತಪ್ಪಾ, ಬೇಗ ಬರೋಣ," ಎಂದದ್ದು ಮಾತ್ರ ಕೇಳಿಸಿತು.

ಗೇಟಿಗೆ ಬೀಗ ಹಾಕಿ ಹೊರಟಾಗ ಆಯಮ್ಮ ಅವಳ ಕೈಯನ್ನು ತನ್ನ ಕಂಕುಳಿಗೆ ಎಳೆದುಕೊಂಡಳು. "ಬನ್ನಿ, ಬನ್ನಿ. ಯಾವುದಾದ್ರೂ ಬಸ್ಸಿಗೆ ಹೋಗಿ ನಮಸ್ಕಾರ ಮಾಡ್ಬಿಟ್ಟೀರಿ. ಮನೆಗೆ ಹೋಗಿ ಯಜಮಾನರ ಬದಲು ಬೇರೆ ಯಾರಿಗೋ ಕಾಫಿ ಕೊಟ್ಟೀರಿ." "ಕೊಟ್ರೆ ಅವರಿಗೇನು, ಅವರು ಫ್ರಿಜ್ಜಿನ ಕರಡೀನೇ ಹುಡುಕ್ತಿರ್ತಾರೆ." ಇಬ್ಬರೂ ನಿಂತು ನಕ್ಕರು. ಚೀಲದಲ್ಲಿ ಡಬ್ಬಿಯ ನೀರು ಹೆಜ್ಜೆ ಹೆಜ್ಜೆಗೂ ಕುಲುಕುತ್ತಿತ್ತು. ರಸ್ತೆಯ ದೀಪಗಳು, ಅಂಗಡಿಗಳ ಬಣ್ಣ, ಜನ, ಎಲ್ಲ ಅಂಚು ಕಳೆದುಕೊಂಡು ತೇಲುತ್ತಿದ್ದವು. ವರ್ಷಗಟ್ಟಲೆ ಮಕ್ಕಳನ್ನು ಕೈ ಹಿಡಿದು ರಸ್ತೆ ದಾಟಿಸಿದ್ದಳು, ತನ್ನ ಕೈಯನ್ನು ಹೀಗೆ ಯಾರಿಗಾದರೂ ಪೂರ್ತಿ ಬಿಟ್ಟುಕೊಟ್ಟು ನಡೆದದ್ದು ನೆನಪಿರಲಿಲ್ಲ. "ನಿಲ್ಲಿ," ಎಂದಳು ಆಯಮ್ಮ. ನಿಂತಳು. ರಸ್ತೆಯಾಚೆ, ಬಸ್ ನಿಲ್ದಾಣದ ಬಳಿ, ಒಂದು ಖಾಕಿ ಮಚ್ಚೆ, ಅದರ ಮೇಲೊಂದು ಸಣ್ಣ ದುಂಡು ಮಚ್ಚೆ. ದುಂಡು ಮಚ್ಚೆಯಿಂದ ಏನೋ ಬೆಳ್ಳಗಿನದು ಮೇಲೆ ಕೆಳಗೆ ಆಡುತ್ತಿತ್ತು. ಕೈಯಿರಬಹುದು, ಕರಡಿಯಿರಬಹುದು, ಬೇರೆ ಯಾರದೋ ಮಗು ಬೇರೆ ಯಾರಿಗೋ ಬೀಸುತ್ತಿರಬಹುದು. ಆಯಮ್ಮನನ್ನು ಕೇಳಿದ್ದರೆ ಹೇಳುತ್ತಿದ್ದಳು. ದೊಡ್ಡ ಮಿಸ್ ಕೇಳಲಿಲ್ಲ. ಚೀಲವನ್ನು ಹುಷಾರಾಗಿ ಆಯಮ್ಮ ಹಿಡಿದಿದ್ದ ಕೈಗೆ ಬದಲಿಸಿಕೊಂಡು, ಖಾಲಿಯಾದ ಕೈಯನ್ನು ತಲೆಗಿಂತ ಮೇಲಕ್ಕೆತ್ತಿ, ಎಲ್ಲರಿಗೂ ಕಾಣುವ ಹಾಗೆ ಬೀಸಿದಳು.